ಬಾಣಂತಿಯ ನೋವು ಮತ್ತು ನಮ್ಮ ಮುಟ್ಟದ ಕೈಗಳು

ಹಾಸ್ಟೆಲಿನಲ್ಲಿದ್ದಾಗ ಊರಿಂದ ಸುದ್ದಿ ಬಂತು. ಅಕ್ಕನಿಗೆ ಆಪರೇಷನ್ ಮಾಡಿ ಹೆರಿಗೆ ಆಯ್ತು, ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾವು ರೂಮಿನವರೆಲ್ಲ ಕಾಸು ಕೂಡಿಸಿ ಅರ್ಧ ಕೆ.ಜಿ. ಮೈಸೂರುಪಾಕು ತಂದು ಹಂಚಿಕೊಂಡು ತಿಂದೆವು. ಮಗು ಎಷ್ಟು ತೂಕ ಎಂದು ಕೇಳಿದೆವು. ಯಾರ ಹಾಗಿದೆ ಎಂದು ಕೇಳಿದೆವು. ಹೆಸರು ಏನಿಡೋದು ಅಂತ ರಾತ್ರಿಯೆಲ್ಲ ಜಗಳ ಆಡಿದೆವು. ಅಕ್ಕನಿಗೆ ನೋವು ಎಷ್ಟಿದೆ ಎಂದು ನಮ್ಮಲ್ಲಿ ಒಬ್ಬನೂ ಕೇಳಲಿಲ್ಲ.

ಒಂಬತ್ತನೇ ದಿನ ತೋವಿನಕೆರೆಯಲ್ಲಿ ಬಸ್ಸಿಳಿದು ಕೇರಿಗೆ ಹೋದೆವು. ಅಕ್ಕ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದ್ದಳು. ಮಗು ಅತ್ತಿತು. ಆಗ ಅಕ್ಕ ಎದ್ದ ರೀತಿಯನ್ನು ನಾವು ಇವತ್ತಿಗೂ ಮರೆತಿಲ್ಲ. ಒಂದು ಕೈ ಗೋಡೆಗೆ, ಒಂದು ಕೈ ಹೊಟ್ಟೆಗೆ, ಹಲ್ಲು ಕಚ್ಚಿ ಎದ್ದಳು, ಕುಸಿದಳು. ಮತ್ತೆ ಎದ್ದಳು, ಮತ್ತೆ ಕುಸಿದಳು. ಮೂರನೇ ಸಲ ಕೂತು ಮಗುವನ್ನು ಎಳೆದುಕೊಂಡಳು. ಹೊಸ್ತಿಲ ಆಚೆ ಭಾವ ಬೀಡಿ ಸೇದುತ್ತಾ ಕೂತಿದ್ದ. ಹೊಸ್ತಿಲ ಆಚೆ ನಾವೂ ನಿಂತಿದ್ದೆವು. ಡಿಗ್ರಿ ಓದಿದವರು, ಸಭೆಗಳಲ್ಲಿ ಪದ್ಯ ಓದುವವರು, ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು. ಯಾರೂ ಕೈ ಕೊಡಲಿಲ್ಲ.

“ಪುರುಡು ಕಣಪ್ಪ. ಹನ್ನೊಂದು ದಿನ ಮುಟ್ಟಂಗಿಲ್ಲ” ಅಂದಳು ಅಜ್ಜಿ.

ಮುಟ್ಟಂಗಿಲ್ಲ! ಸಂಗಾತಿಗಳೇ, ಈ ಮಾತನ್ನು ನಾವು ಎಲ್ಲೆಲ್ಲಿ ಕೇಳಿದ್ದೇವೆ? ಹೋಟೆಲಿನ ಬಾಗಿಲಲ್ಲಿ ಕೇಳಿದ್ದೇವೆ. ಗುಡಿಯ ಮೆಟ್ಟಿಲಲ್ಲಿ ಕೇಳಿದ್ದೇವೆ. ಬಾವಿಕಟ್ಟೆಯ ಮೇಲೆ ಕೇಳಿದ್ದೇವೆ. ಈ ಒಂದು ಮಾತನ್ನು ನೆಲಕ್ಕೆ ಹಾಕಲು ನಮ್ಮ ಹಿರಿಯರು ಜೀವ ತೇಯ್ದರು. ಅದೇ ಮಾತು ನಮ್ಮದೇ ಮನೆಯೊಳಗೆ, ನಮ್ಮದೇ ಅಜ್ಜಿಯ ಬಾಯಲ್ಲಿ, ನಮ್ಮದೇ ಅಕ್ಕನ ಮೇಲೆ ಬಂದಾಗ ನಾವು ಹೊಸ್ತಿಲ ಆಚೆ ನಿಂತು ಒಪ್ಪಿಕೊಂಡೆವು.

ಇದು ಹೆಂಗಸರ ವಿಷಯ, ಇದಕ್ಕೂ ನಮ್ಮ ಹೋರಾಟಕ್ಕೂ ಏನು ಸಂಬಂಧ ಎಂದು ಕೆಲವು ಗೆಳೆಯರು ಮೂಗು ಮುರಿಯಬಹುದು. ಸಂಬಂಧ ಇದೆ. ಹೊಟ್ಟೆ ಕುಯ್ದು ಹೆರಿಗೆಯಾದವಳ ನೋವಿಗೆ ಮಾತ್ರೆ, ಇಂಜೆಕ್ಷನ್ ಬಿಟ್ಟು ಇನ್ನೂ ಹಲವು ಉಪಚಾರಗಳಿವೆ. ಅವುಗಳಲ್ಲಿ ಹೆಚ್ಚಿನವು ಕಾಸಿನವಲ್ಲ, ಕೈಯವು. ಇನ್ನೊಬ್ಬರು ಬಂದು ಮುಟ್ಟಿ, ಹಿಡಿದು, ಒತ್ತಿ, ಎಬ್ಬಿಸಿ ಮಾಡಬೇಕಾದವು. ಮುಟ್ಟದ ಮನೆಯಲ್ಲಿ ಅವು ಸಿಕ್ಕುವುದಿಲ್ಲ. ನಮ್ಮ ವಾದ ಇಷ್ಟೇ.

ಮೊದಲು ಲೆಕ್ಕ ನೋಡೋಣ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 23.6 ಸಿಸೇರಿಯನ್ ಇದ್ದವು. 2019-21ರ ಸಮೀಕ್ಷೆಯಲ್ಲಿ ಅದು 31.5 ಆಯಿತು. ಅಂದರೆ ಮೂವರು ಬಾಣಂತಿಯರಲ್ಲಿ ಹೆಚ್ಚುಕಡಿಮೆ ಒಬ್ಬಳು ಹೊಲಿಗೆ ಹಾಕಿದ ಹೊಟ್ಟೆಯವಳು. ಇಡೀ ದೇಶದ ಲೆಕ್ಕ 21.5. ಅದರಲ್ಲೂ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಬೇಕಾದಾಗ ಮಾಡಿದ ಸಿಸೇರಿಯನ್ ಎರಡು ಜೀವ ಉಳಿಸುತ್ತದೆ, ಅದರ ಬಗ್ಗೆ ನಮಗೆ ಅನುಮಾನ ಇಲ್ಲ. ಆದರೆ ನೂರಕ್ಕೆ ಹತ್ತು ದಾಟಿದ ಮೇಲೆ ತಾಯಿ ಮತ್ತು ಹಸುಗೂಸಿನ ಸಾವು ಅದರಿಂದ ಇನ್ನಷ್ಟು ಕಡಿಮೆಯಾದದ್ದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೇಡದ ಕಡೆ ಯಾರ ಲಾಭಕ್ಕೆ ಕುಯ್ಯುತ್ತಾರೆ ಎಂಬುದು ಬೇರೆಯೇ ಜಗಳ. ಇವತ್ತಿನ ಮಾತು ಕುಯ್ದಾದ ಮೇಲಿನದು. ಕೊರಟಗೆರೆಗೋ ಮಧುಗಿರಿಗೋ ತುಮಕೂರಿಗೋ ಹೋಗಿ ಕುಯ್ಸಿಕೊಂಡು, ಕೇರಿಯ ಚಾಪೆಗೆ ವಾಪಸು ಬಂದವಳದು.

ಅವಳಿಗೆ ಏನು ಮಾಡಿರುತ್ತಾರೆ ಎಂಬುದಾದರೂ ನಮಗೆ ಗೊತ್ತೆ? ಚರ್ಮ ಕುಯ್ಯುತ್ತಾರೆ. ಅದರ ಕೆಳಗಿನ ಕೊಬ್ಬು, ಅದರ ಕೆಳಗಿನ ಗಟ್ಟಿ ಪೊರೆ ಕುಯ್ಯುತ್ತಾರೆ. ಹೊಟ್ಟೆಯ ಸ್ನಾಯುಗಳನ್ನು ಎರಡು ಕಡೆಗೆ ಸರಿಸುತ್ತಾರೆ. ಒಳಪೊರೆ ಬಿಡಿಸಿ ಗರ್ಭಕೋಶ ಕುಯ್ದು ಮಗು ತೆಗೆದು ಹೊಲಿಗೆ ಹಾಕುತ್ತಾರೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲೆ ಬರುವ ನೋವು ಒಂದಲ್ಲ. ಕುಯ್ದ ಜಾಗದ ಉರಿ ಒಂದು. ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗುವಾಗಿನ ಹಿಂಡುವ ನೋವು ಇನ್ನೊಂದು. ಮಗು ಹಾಲು ಕುಡಿಯುವಾಗ ಅದು ಹೆಚ್ಚಾಗುತ್ತದೆ. ಮಂಕಾದ ಕರುಳಲ್ಲಿ ಗಾಳಿ ತುಂಬಿ ಹೊಟ್ಟೆ ಉಬ್ಬರಿಸುವ ನೋವು ಮೂರನೆಯದು. ಗಂಡಸಿಗೆ ಅಪೆಂಡಿಕ್ಸ್ ಆಪರೇಷನ್ ಆದರೆ ಇಡೀ ಮನೆ ಕಾಲಬಳಿ ಕೂರುತ್ತದೆ. ಹೆಂಗಸಿಗೆ ಅದಕ್ಕಿಂತ ದೊಡ್ಡ ಆಪರೇಷನ್ ಆದ ದಿನವೇ ಒಂದು ಮಗುವನ್ನೂ ಕೈಗೆ ಕೊಟ್ಟು ನೋಡಿಕೋ ಅಂತಾರೆ.

ಗಟ್ಟಿ ಮೈ ಎಂಬ ಸುಳ್ಳು

ನೋವು ತಡೆಯಲಾರದೆ ಅತ್ತಾಗ ಅಕ್ಕನಿಗೆ ವಾರ್ಡಿನಲ್ಲಿ ಸಿಕ್ಕಿದ ಉತ್ತರ: “ಕೂಲಿ ಮಾಡೋ ಜನ ನೀವು, ಗಟ್ಟಿ ಮೈ. ಇಷ್ಟಕ್ಕೇ ಅಳ್ತೀಯಾ?” ಮನೆಗೆ ಬಂದ ಮೇಲೆ ಸಿಕ್ಕಿದ ಉತ್ತರ: “ನಾವೆಲ್ಲ ಹೆತ್ತಿಲ್ವೇನೇ?” ಅಲ್ಲಿ ಅವಮಾನ, ಇಲ್ಲಿ ಅಭಿಮಾನ. ಎರಡರ ಅರ್ಥವೂ ಒಂದೇ, ಬಾಯಿ ಮುಚ್ಚಿಕೊಂಡು ಸಹಿಸು.

ಈ ಗಟ್ಟಿ ಮೈಯ ಕತೆ ನಮ್ಮೂರಿನದು ಮಾತ್ರ ಅಲ್ಲ. 1840ರ ದಶಕದಲ್ಲಿ ಅಮೆರಿಕದ ಅಲಬಾಮದಲ್ಲಿ ಜೇಮ್ಸ್ ಮೇರಿಯನ್ ಸಿಮ್ಸ್ ಎಂಬ ವೈದ್ಯ ಗುಲಾಮರಾಗಿದ್ದ ಕರಿಯ ಹೆಣ್ಣುಮಕ್ಕಳ ಮೇಲೆ, ಮತ್ತಿನ ಮದ್ದು ಕೊಡದೆ, ಮತ್ತೆ ಮತ್ತೆ ಕತ್ತರಿ ಆಡಿಸಿ ಶಸ್ತ್ರಚಿಕಿತ್ಸೆ ಕಲಿತ. ಅವರಲ್ಲಿ ಮೂವರ ಹೆಸರು ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅವನನ್ನು ಸ್ತ್ರೀರೋಗ ವೈದ್ಯದ ಪಿತಾಮಹ ಎಂದು ಕರೆದು ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದರು. ಅದನ್ನು ಆ ಜಾಗದಿಂದ ಇಳಿಸಲು 2018ರ ಏಪ್ರಿಲ್ ಬರಬೇಕಾಯಿತು. ಪ್ರತಿಮೆ ಇಳಿದರೂ ನಂಬಿಕೆ ಇಳಿಯಲಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯರಾದ 222 ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪ್ರಶ್ನೆ ಕೇಳಿ ನೋಡಿದರು. ಕರಿಯರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಜನ ನಂಬಿದ್ದರು. 2019ರಲ್ಲಿ ಅಲ್ಲಿಯದೇ ಇನ್ನೊಂದು ಅಧ್ಯಯನ ಬಂತು. ಸಿಸೇರಿಯನ್ ಆದ ಕರಿಯ ಹೆಣ್ಣುಮಕ್ಕಳು ಹೆಚ್ಚು ನೋವು ಇದೆ ಎಂದು ಹೇಳಿಕೊಂಡಿದ್ದರು, ಅವರಿಗೆ ಸಿಕ್ಕ ನೋವಿನ ಮದ್ದು ಮಾತ್ರ ಬಿಳಿಯರಿಗಿಂತ ಕಡಿಮೆ.

ಅಲ್ಲಿ ಬಣ್ಣ, ಇಲ್ಲಿ ಜಾತಿ ಮತ್ತು ಕೂಲಿ. ಕಲ್ಲು ಹೊತ್ತ ಮೈಗೆ ಕತ್ತರಿ ತಾಗುವುದಿಲ್ಲವೇ? ಬಿಸಿಲಲ್ಲಿ ಕಳೆ ಕಿತ್ತವಳ ನರಕ್ಕೆ ನೋವು ಗೊತ್ತಾಗುವುದಿಲ್ಲವೇ? ದುಡಿದು ಗಟ್ಟಿಯಾದದ್ದು ಅವಳ ಅಂಗೈ. ಒಳಗಿನ ಕರುಳಲ್ಲ.

ಮದ್ದು ಬೇಡ ಎಂಬುದು ನಮ್ಮ ಮಾತಲ್ಲ

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಮದ್ದಿಲ್ಲದ ದಾರಿ ಎಂದರೆ ಮದ್ದು ಕೊಡದಿರುವ ದಾರಿ ಅಲ್ಲ. ಬಡವರಿಗೆ ಮಾತ್ರೆ ಯಾಕೆ, ಉಸಿರು ಎಳೆದುಕೊಂಡರೆ ಸಾಕು ಎಂದು ನಾಳೆ ಯಾರಾದರೂ ಉಪದೇಶ ಮಾಡಲು ಬಂದರೆ ಮೊದಲು ಎದ್ದು ನಿಲ್ಲಬೇಕಾದವರು ನಾವೇ. ಹೊಟ್ಟೆ ಕುಯ್ದವಳಿಗೆ ನೋವಿನ ಮಾತ್ರೆ ಅವಳ ಹಕ್ಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಉಚಿತ, ಔಷಧಿ ಉಚಿತ, ಏಳು ದಿನದವರೆಗೆ ಊಟ ಉಚಿತ, ಮನೆಗೆ ತಂದು ಬಿಡುವ ವಾಹನವೂ ಉಚಿತ. ಇದನ್ನು ಕೇಳಿ ಪಡೆಯಬೇಕು. ಮಾತ್ರೆಯನ್ನು ನೋವು ತಲೆಗೇರಿ ಅಳುವವರೆಗೆ ಕಾಯದೆ, ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ ಕೊಡಬೇಕು. “ಮಾತ್ರೆ ನುಂಗಿದ್ರೆ ಹಾಲು ಕೆಡ್ತದೆ” ಎಂದು ನಮ್ಮ ಹೆಂಗಸರು ಮಾತ್ರೆಯನ್ನು ಸೆರಗಿಗೆ ಕಟ್ಟಿ ಇಟ್ಟುಬಿಡುತ್ತಾರೆ. ಪ್ಯಾರಾಸಿಟಮಾಲ್ ಹಾಲು ಕುಡಿಸುವವಳು ನುಂಗಬಹುದಾದ ಮಾತ್ರೆ. ಹಾಗೆಯೇ ಸಿದ್ಧರಬೆಟ್ಟದಿಂದ ತಂದ ಬೇರು, ಸೊಪ್ಪಿನ ರಸ ಇವೆಲ್ಲ ಮದ್ದಿಲ್ಲದ ದಾರಿಗಳಲ್ಲ, ಅವೂ ಮದ್ದೇ. ಡಾಕ್ಟರನ್ನು ಕೇಳದೆ ಬಾಣಂತಿಯ ಬಾಯಿಗೆ ಹಾಕುವುದು ಬೇಡ, ಹೊಲಿಗೆಗೆ ಹಚ್ಚುವುದಂತೂ ಬೇಡವೇ ಬೇಡ.

ಮಾತ್ರೆಯ ಜೊತೆಗೆ ಬೇರೆ ಏನು ಮಾಡಿದರೆ ನೋವು ಇಳಿಯುತ್ತದೆ ಎಂದು ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಇಂಥ 37 ಪ್ರಯೋಗಗಳನ್ನು, ಅವುಗಳಲ್ಲಿದ್ದ 3,076 ಹೆಣ್ಣುಮಕ್ಕಳ ಲೆಕ್ಕವನ್ನು ಕಾಕ್ರೇನ್ ಎಂಬ ಸಂಸ್ಥೆಯವರು 2020ರಲ್ಲಿ ಒಟ್ಟು ಮಾಡಿ ನೋಡಿದರು. ಕೈಕಾಲು ಒತ್ತುವುದು, ಸಂಗೀತ, ಮೈ ಸಡಿಲ ಬಿಡುವುದು, ಒತ್ತುಬಿಂದುಗಳ ಉಪಚಾರ, ಚರ್ಮದ ಮೇಲೆ ಸಣ್ಣ ಕರೆಂಟು ಹಾಯಿಸುವ ಟೆನ್ಸ್ ಯಂತ್ರ ಇವೆಲ್ಲ ಅದರಲ್ಲಿದ್ದವು. ಕೆಲವು ನೋವನ್ನು ಅಷ್ಟಿಷ್ಟು ಇಳಿಸಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಿಲ್ಲ ಎಂಬುದು ಅವರ ತೀರ್ಮಾನ. ಆದ್ದರಿಂದ ನಾವೂ ಇದನ್ನು ಪವಾಡ ಎಂದು ಮಾರುವುದಿಲ್ಲ. ಪವಾಡ ಮಾರುವವರು ನಮ್ಮ ಕೇರಿಗೆ ಈಗಾಗಲೇ ಬೇಕಾದಷ್ಟು ಜನ ಬಂದು ಹೋಗಿದ್ದಾರೆ.

ಆದರೆ ಮುಟ್ಟಿದರೆ ನೋವು ಯಾಕೆ ಇಳಿಯುತ್ತದೆ ಎಂಬುದಕ್ಕೆ ಕಾರಣ ಇದೆ. ಮೊಣಕಾಲು ತಗುಲಿಸಿಕೊಂಡ ಕೂಡಲೇ ನಾವು ಅದನ್ನು ಉಜ್ಜಿಕೊಳ್ಳುವುದಿಲ್ಲವೇ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ವಿವರಿಸಿದರು. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿ ಮಿದುಳಿಗೆ ಹೋಗಬೇಕು. ಸ್ಪರ್ಶದ ಸುದ್ದಿ ಬೇರೆ ನರದಲ್ಲಿ ಬೇಗ ಬಂದು ಆ ಬಾಗಿಲನ್ನು ಅಷ್ಟಿಷ್ಟು ಮುಚ್ಚುತ್ತದೆ. ಅವರ ಆ ವಿವರಣೆಯನ್ನು ಮುಂದೆ ತಿದ್ದಿದ್ದಾರೆ, ಬೆಳೆಸಿದ್ದಾರೆ. ಮೂಲದ ಮಾತು ನಿಂತಿದೆ. ಮುಟ್ಟುವುದು ಬರೀ ಪ್ರೀತಿಯ ಮಾತಲ್ಲ, ನರದ ಕೆಲಸ.

ಕೈಯ ಕೆಲಸಗಳು

ಹಾಗಾದರೆ ಮಾಡಬೇಕಾದ್ದೇನು? ಪರೀಕ್ಷೆಗೆ ಓದುವ ಹಾಗೆ ಓದಿಕೊಳ್ಳಿ, ಊರಿಗೆ ಹೋದಾಗ ಬೇಕಾಗುತ್ತದೆ.

ಒಂದು, ಏಳುವುದು. ಮಲಗಿದವಳು ನೆಟ್ಟಗೆ ಎದ್ದರೆ ಇಡೀ ಭಾರ ಹೊಲಿಗೆಯ ಮೇಲೆ ಬೀಳುತ್ತದೆ. ಮೊದಲು ಮೊಣಕಾಲು ಮಡಿಸಬೇಕು. ಇಡೀ ಮೈಯನ್ನು ಒಂದೇ ಸಲ ಪಕ್ಕಕ್ಕೆ ಹೊರಳಿಸಬೇಕು. ಕಾಲು ಕೆಳಗೆ ಬಿಟ್ಟು ಮೊಣಕೈ ಊರಿ ಏಳಬೇಕು. ಬೆನ್ನ ಹಿಂದೆ ಒಬ್ಬರ ಕೈ ಇರಬೇಕು. ಚಾಪೆಯಿಂದ ಏಳುವುದಕ್ಕಿಂತ ಮಂಚದಿಂದ ಏಳುವುದು ಸಲೀಸು. ಮನೆಯಲ್ಲಿ ಒಂದೇ ಮಂಚ ಇದ್ದರೆ ಅದು ಬಾಣಂತಿಯದು, ಅಪ್ಪನದಲ್ಲ.

ಎರಡು, ಕೆಮ್ಮು. ಕೆಮ್ಮಿದರೆ, ಸೀನಿದರೆ, ನಕ್ಕರೆ ಹೊಲಿಗೆ ಬಿಚ್ಚಿದ ಹಾಗೆ ನೋಯುತ್ತದೆ. ದಿಂಬನ್ನೋ ನಾಲ್ಕು ಮಡಿಕೆ ಮಾಡಿದ ದುಪ್ಪಟಿಯನ್ನೋ ಗಾಯದ ಮೇಲೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೆಮ್ಮಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಹೇಳಿಕೊಡುತ್ತಾರೆ. ಖರ್ಚು ಒಂದು ದಿಂಬು.

ಮೂರು, ನಡೆಯುವುದು. ಡಾಕ್ಟರು ಏಳಬಹುದು ಅಂದ ಮೇಲೆ, ಸಾಮಾನ್ಯವಾಗಿ ಮೊದಲ ದಿನವೇ, ಒಬ್ಬರ ತೋಳು ಹಿಡಿದು ನಾಲ್ಕು ಹೆಜ್ಜೆ ಹಾಕಬೇಕು. ಆಮೇಲೆ ಹತ್ತು ಹೆಜ್ಜೆ. ನಡೆದರೆ ಕರುಳು ಅಲುಗುತ್ತದೆ, ಗಾಳಿ ಹೋಗುತ್ತದೆ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ನಡೆಯುವುದು ಬೇರೆ, ದುಡಿಯುವುದು ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ನಾಲ್ಕು, ಹೊಟ್ಟೆ ಕಟ್ಟುವುದು. ನಮ್ಮ ಅಜ್ಜಿಯರು ಹಳೇ ಸೀರೆಯಲ್ಲಿ ಕಟ್ಟುತ್ತಿದ್ದರು, ಆಸ್ಪತ್ರೆಯವರು ಬೆಲ್ಟು ಕೊಡುತ್ತಾರೆ. ಎದ್ದು ಓಡಾಡುವಾಗ ಇದು ಆಸರೆ ಕೊಡುತ್ತದೆ ಎಂದು ಹಲವರಿಗೆ ಅನ್ನಿಸಿದೆ. ಆದರೆ ಅಂಗೈ ಒಳಗೆ ಹೋಗುವಷ್ಟು ಸಡಿಲ ಇರಬೇಕು. ಹೊಟ್ಟೆ ಕರಗಲಿ ಎಂದು ಉಸಿರು ಕಟ್ಟುವ ಹಾಗೆ ಬಿಗಿದರೆ ಅದು ಉಪಚಾರವಲ್ಲ, ಶಿಕ್ಷೆ. ಬಟ್ಟೆ ಒಗೆದು ಬಿಸಿಲಲ್ಲಿ ಒಣಗಿಸಿದ್ದಿರಬೇಕು.

ಐದು, ಹಾಲು ಕುಡಿಸುವ ಭಂಗಿ. ಮಗುವಿನ ಕಾಲು ಹೊಲಿಗೆಗೆ ಒದೆಯಬಾರದು. ಪಕ್ಕಕ್ಕೆ ಮಲಗಿ ಕುಡಿಸಬಹುದು, ಇಲ್ಲವೇ ಮಗುವಿನ ಕಾಲು ತಾಯಿಯ ಕಂಕುಳ ಕೆಳಗೆ ಹಿಂದಕ್ಕೆ ಹೋಗುವ ಹಾಗೆ ಪಕ್ಕದಲ್ಲಿ ಹಿಡಿಯಬಹುದು. ಮಗುವನ್ನು ಎತ್ತಿ ಕೊಡುವುದಕ್ಕೆ, ತೇಗು ಬರಿಸುವುದಕ್ಕೆ, ವಾಪಸು ಮಲಗಿಸುವುದಕ್ಕೆ ಇನ್ನೊಬ್ಬರು ಬೇಕು. ಗಂಡನಿಗೆ ಎರಡು ಕೈ ಇರುವುದು ಯಾಕೆ?

ಆರು, ಕೈಕಾಲು ಒತ್ತುವುದು. ಟರ್ಕಿ ಮತ್ತು ಇರಾನಿನ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಆದವರಿಗೆ ಒಂದೊಂದು ಕೈಗೆ, ಒಂದೊಂದು ಪಾದಕ್ಕೆ ಐದೈದು ನಿಮಿಷ, ಒಟ್ಟು 20 ನಿಮಿಷ ಒತ್ತಿ ನೋಡಿದರು. ನೋವು ಕಡಿಮೆ ಆಯ್ತು ಎಂದು ಅವರು ಹೇಳಿದರು. ಹೊಟ್ಟೆಯ ಹತ್ತಿರ ಹೋಗಬಾರದು, ಅಂಗೈ ಮತ್ತು ಪಾದ ಸಾಕು. ಒಂದೇ ಕಾಲು ಊದಿ, ಮೀನಖಂಡ ಕೆಂಪಾಗಿ ನೋಯುತ್ತಿದ್ದರೆ ಮಾತ್ರ ಒತ್ತಲೇಬಾರದು. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು, ಸೀದಾ ಆಸ್ಪತ್ರೆಗೆ ಹೋಗಬೇಕು.

ಏಳು, ನೀರು ಮತ್ತು ಊಟ. ಡಾಕ್ಟರು ಒಪ್ಪಿದ ಕೂಡಲೇ ನೀರು, ಗಂಜಿ, ಆಮೇಲೆ ಊಟ. ಚ್ಯೂಯಿಂಗ್ ಗಮ್ ಅಗಿದರೆ ಕರುಳು ಬೇಗ ಅಲುಗುತ್ತದೆ ಎಂಬುದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಅಜ್ಜಿಯರು ಬಾಣಂತಿಗೆ ಎಲೆಅಡಿಕೆ ಕೊಡುತ್ತಾರಲ್ಲ, ಅದರ ಜೊತೆ ಹೊಗೆಸೊಪ್ಪು ಬಾಯಿಗೆ ಹೋಗುತ್ತದೆ, ಅದು ಬೇಡ.

ಎಂಟು, ಉಸಿರು ಮತ್ತು ಹಾಡು. ನೋವು ಬಂದಾಗ ಮೈ ತಾನಾಗಿ ಬಿಗಿದುಕೊಳ್ಳುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ. ನಿಧಾನಕ್ಕೆ ಉಸಿರು ಒಳಗೆ, ಅದಕ್ಕಿಂತ ನಿಧಾನಕ್ಕೆ ಹೊರಗೆ. ಅವಳಿಗೆ ಇಷ್ಟವಾದ ಹಾಡು ಹಾಕಿ. ಮಗುವನ್ನು ಬರಿಮೈಯಲ್ಲಿ ಅವಳ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಸೇರಿ ಹೊದಿಸಿ. ಮಗುವಿಗೆ ಬೆಚ್ಚಗೆ, ತಾಯಿಗೆ ನೆಮ್ಮದಿ.

ಇವಿಷ್ಟರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಮಾತ್ರ ಬರುವಂಥದ್ದು ಯಾವುದಿದೆ? ಯಾವುದೂ ಇಲ್ಲ. ಇಂಥ ಕೈಗಳು ನಮ್ಮ ಕೇರಿಗಳಲ್ಲೇ ಇದ್ದವು. ನಮ್ಮ ಪಕ್ಕದ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಓದು ಬರಹ ಇಲ್ಲದೆ, ಕಾಸು ಮುಟ್ಟದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಕೊಟ್ಟರು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿಯ ಕಾಲವೇ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ, ಆ ಕಾಲದಲ್ಲಿ ಹೆರಿಗೆಯಲ್ಲಿ ಸತ್ತವರ ಲೆಕ್ಕ ನಮ್ಮ ಪ್ರತಿ ಮನೆಯಲ್ಲೂ ಇದೆ. ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ. ಆದರೆ ಹೆರಿಗೆಯ ಜೊತೆ ಆ ಕೈ ಆಸ್ಪತ್ರೆಗೆ ಹೋಗಲಿಲ್ಲ, ಮನೆಯಲ್ಲೂ ಉಳಿಯಲಿಲ್ಲ.

ಹೊಸ್ತಿಲು

ಕೈ ಉಳಿಯದ ಮನೆಯಲ್ಲಿ ಉಳಿದದ್ದು ಏನು? ಕಟ್ಟಳೆ. ಬಾಣಂತಿ ನೀರು ಕುಡಿದರೆ ಶೀತ ಅಂತ ಲೋಟ ಕಿತ್ತುಕೊಳ್ಳುತ್ತೇವೆ. ನೀರಿಲ್ಲದೆ ಮಲ ಗಟ್ಟಿಯಾಗಿ, ಮುಕ್ಕುವಾಗ ಹೊಲಿಗೆಗೆ ಪ್ರಾಣ ಹೋಗುವ ನೋವು. ಸೊಪ್ಪು ನಂಜು, ಹಣ್ಣು ಥಂಡಿ ಅಂತ ಬರೀ ಅನ್ನ, ಮೆಣಸಿನ ಸಾರು. ಹಂಡೆಯ ಕುದಿನೀರನ್ನು ಹೊಟ್ಟೆಯ ಮೇಲೇ ಎರಚುತ್ತೇವೆ. ಹಸಿ ಹೊಲಿಗೆ ಅದನ್ನು ತಡೆಯುತ್ತದೆಯೇ? ಕೋಣೆ ತುಂಬ ಹೊಗೆ ಹಾಕುತ್ತೇವೆ. ಹೊಗೆಗೆ ಕೆಮ್ಮು, ಕೆಮ್ಮಿಗೆ ನೋವು, ಮಗುವಿನ ಎದೆಗೂ ಕೇಡು. ಹಳೆಯದೆಲ್ಲ ಜ್ಞಾನ ಅಲ್ಲ. ಕಟ್ಟಿದ ಸೀರೆಯನ್ನು ಇಟ್ಟುಕೊಳ್ಳೋಣ, ಕಿತ್ತುಕೊಂಡ ಲೋಟವನ್ನು ವಾಪಸು ಕೊಡೋಣ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಪುರುಡು. 2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕ ಎಂದು ಊರಾಚೆ ಗುಡಿಸಲಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಪತ್ರಿಕೆಯಲ್ಲಿ ಓದಿ ನಾವೆಲ್ಲ ಎಷ್ಟು ಕನಿಕರಪಟ್ಟೆವು! ಆದರೆ ಅವರ ಗುಡಿಸಲಿಗೂ ನಮ್ಮ ಚಾಪೆಗೂ ಎಷ್ಟು ದೂರ? ಅವರು ಊರಾಚೆ ಇಟ್ಟರು, ನಾವು ಹೊಸ್ತಿಲಾಚೆ ಇಟ್ಟೆವು. ಅವರ ಹಟ್ಟಿಯನ್ನು ತೋರಿಸಿ ನಾವು ಜಾಣರಾಗುವುದು ಬೇಡ. ಅಕ್ಕ ಬಿದ್ದೆದ್ದಾಗ ಪುರುಡು ಎಂದು ಕೈ ಕಟ್ಟಿ ನಿಂತ ಹುಡುಗ, ಮೇಲ್ಜಾತಿಯವನ ಹೋಟೆಲಿನಲ್ಲಿ ಲೋಟ ಮುಟ್ಟುವ ಹಕ್ಕು ಕೇಳುವಾಗ ಒಮ್ಮೆ ತನ್ನ ಕೈಯನ್ನೂ ನೋಡಿಕೊಳ್ಳಬೇಕು. ಒಂದೇ ಒಂದು ಕಟ್ಟಳೆ ಒಪ್ಪೋಣ. ಬಾಣಂತಿಯನ್ನು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ಅದು ಮಡಿಯಲ್ಲ, ನಂಜು ತಾಗದಿರಲಿ ಎಂಬ ಎಚ್ಚರ.

ಯಾರ ಸಮಯ, ಯಾರ ಕೂಲಿ

ಇನ್ನೊಂದು ಮಾತು, ಅದು ಕಹಿ. ದಿಂಬಿಗೆ ಕಾಸಿಲ್ಲ, ಉಸಿರಿಗೆ ಕಾಸಿಲ್ಲ ಎಂದೆವು. ಆದರೆ ಪುಕ್ಕಟೆ ಎಂದು ಕಾಣುವ ಈ ಉಪಚಾರಗಳೆಲ್ಲ ಬಡವನಿಗೆ ದುಬಾರಿ. ಯಾಕೆಂದರೆ ಇವಕ್ಕೆ ಬೇಕಾದದ್ದು ಸಮಯ, ಮತ್ತು ಇನ್ನೊಬ್ಬ ಮನುಷ್ಯ. ಬಾಣಂತಿಯ ಜೊತೆ ಕೂತವಳ ಆ ದಿನದ ಕೂಲಿ ಹೋಯಿತು. ಆರು ವಾರ ಮಗುವಿಗಿಂತ ಹೆಚ್ಚಿನ ಭಾರ ಎತ್ತಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ. ಮಗು ಮೂರು ಕೆ.ಜಿ. ತುಂಬಿದ ಬಿಂದಿಗೆ ಹತ್ತು ಹದಿನೈದು ಕೆ.ಜಿ. ನಲ್ಲಿ ಬೀದಿಯ ಕೊನೆಯಲ್ಲಿದ್ದರೆ ಆ ಬಿಂದಿಗೆ ತರುವವರು ಯಾರು? ಅಕ್ಕ ಇಪ್ಪತ್ತನೇ ದಿನಕ್ಕೆ ಬಿಂದಿಗೆ ಎತ್ತಿದಳು. ಎರಡನೇ ತಿಂಗಳಿಗೆ ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು.

1928ರ ಜುಲೈಯಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬ ಅಂಬೇಡ್ಕರ್ ಎದ್ದು ನಿಂತು ಅದರ ಪರವಾಗಿ ಮಾತಾಡಿದರು. ಹೆತ್ತ ಹೆಣ್ಣಿಗೆ ವಿಶ್ರಾಂತಿ ಕೊಡುವುದು ದೇಶಕ್ಕೇ ಸೇರಿದ ಕೆಲಸ, ಅದರ ಭಾರವನ್ನು ಸರ್ಕಾರವೂ ಹೊರಬೇಕು ಎಂಬುದು ಅವರ ವಾದದ ತಿರುಳು. 1929ರಲ್ಲಿ ಅದು ಕಾನೂನಾಯಿತು. ಆಮೇಲೆ 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು, 2017ರ ತಿದ್ದುಪಡಿಯಲ್ಲಿ ರಜೆ 26 ವಾರಕ್ಕೆ ಏರಿತು. ಯಾರಿಗೆ? ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳುವವಳ ಹೆಸರು ಯಾವ ಪುಸ್ತಕದಲ್ಲಿದೆ? ಬಾಬಾಸಾಹೇಬರ ಫೋಟೋಗೆ ಹಾರ ಹಾಕುವ ನಾವು ಅವರ ಈ ಕೆಲಸವನ್ನು ಹೊಲದವರೆಗೆ ಒಯ್ಯಬೇಕು. ಕೂಲಿ ಹೆಣ್ಣಿಗೆ ಆರು ವಾರದ ಕೂಲಿ ಹೆರಿಗೆಯ ಹಕ್ಕಾಗಿ ಸಿಗಬೇಕು. ಅಲ್ಲಿಯವರೆಗೆ ಅವಳ ಬಿಂದಿಗೆ ನಾವು ಹೊರಬೇಕು.

ಸುಮ್ಮನಿರಬಾರದ ನೋವು

ಕೊನೆಯದಾಗಿ ಒಂದು ಎಚ್ಚರ. ಎಲ್ಲ ನೋವೂ ದಿಂಬಿಗೆ, ಹಾಡಿಗೆ ಇಳಿಯುವಂಥದ್ದಲ್ಲ. 2024ರ ಫೆಬ್ರವರಿಯಲ್ಲಿ ಪಾವಗಡದ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರಿಗೆ ಏರಿಸಿದ ಗ್ಲೂಕೋಸ್ ಥರದ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆದ್ದರಿಂದ ಬಾಣಂತಿ ನೋವು ಎಂದಾಗ ಗಟ್ಟಿ ಮೈಯ ಕತೆ ಹೇಳುವುದು ಜೀವದ ಜೊತೆ ಆಟ.

ದಿನದಿಂದ ದಿನಕ್ಕೆ ನೋವು ಇಳಿಯಬೇಕು. ಇಳಿಯದೆ ಏರಿದರೆ, ಚಳಿಜ್ವರ ಬಂದರೆ, ಹೊಲಿಗೆ ಕೆಂಪಾಗಿ ಊದಿ ಕೀವು ಬಂದರೆ, ಸ್ರಾವ ನಾರಿದರೆ, ಗಂಟೆಗೊಂದು ಬಟ್ಟೆ ನೆನೆಯುವಷ್ಟು ರಕ್ತ ಹೋದರೆ, ಉಸಿರು ಕಟ್ಟಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನು ಮಾಡಬೇಕು. ನಿಂಬೆಹಣ್ಣು ಇಳಿ ತೆಗೆಯುವುದು ಆಮೇಲೆ ಇರಲಿ. ಕೇರಿಯ ಆಶಾ ಕಾರ್ಯಕರ್ತೆಯ ನಂಬರು ಗೋಡೆಯ ಮೇಲೆ ಇದ್ದಿಲಲ್ಲಾದರೂ ಬರೆದಿಟ್ಟಿರಬೇಕು.

ಗೆಳೆಯರೇ, ಹಾಸ್ಟೆಲುಗಳಲ್ಲಿ ಓದುವ ನಮ್ಮಲ್ಲಿ ಯಾರ ಮನೆಯಲ್ಲಿ ಬಾಣಂತಿ ಇಲ್ಲ? ಮುಂದಿನ ರಜಕ್ಕೆ ಊರಿಗೆ ಹೋದಾಗ ಭಾಷಣಕ್ಕಿಂತ ಮುಂಚೆ ಇಷ್ಟು ಮಾಡೋಣ. ನೋವು ಎಷ್ಟಿದೆ ಎಂದು ಬಾಯಿಬಿಟ್ಟು ಕೇಳೋಣ. ಕೈ ತೊಳೆದು ಹೊಸ್ತಿಲು ದಾಟೋಣ. ಎಬ್ಬಿಸೋಣ, ನಡೆಸೋಣ, ಪಾದ ಒತ್ತೋಣ, ನೀರಿನ ಲೋಟ ಕೊಡೋಣ, ಬಿಂದಿಗೆ ಹೊರೋಣ. ಅಜ್ಜಿ ಬೈಯುತ್ತಾಳೆ. ಬೈಯಲಿ. ಭಾವನ ಕೈಗೆ ಮಗುವನ್ನು ಕೊಡೋಣ, ಬೀಡಿ ತಾನಾಗಿ ಕೆಳಗೆ ಬೀಳುತ್ತದೆ.

ಅಕ್ಕನ ಮಗನಿಗೆ ಈಗ ನಾಲ್ಕು ವರ್ಷ. ಇದನ್ನು ಬರೆಯುವ ಮುಂಚೆ ಅವಳನ್ನು ಕೇಳಿದೆವು, “ಅಕ್ಕ, ಆವತ್ತು ಬಹಳ ನೋವಿತ್ತಾ?” ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಈಗ ಕೇಳ್ತಿದೀರೇನ್ರೋ?” ಅಂದಳು.